ಬಿದ್ದರೆ ಎಷ್ಟು ಬೀಳುತ್ತೆ?

ನಮ್ಮ ಮನೆ ಹಿತ್ತಲಿನ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಕಾರು ಬೀದಿಯಲ್ಲಿ ಬಿಸಿಲಿಗೆ ಒಣಗಿಕೊಂಡು ನಿಂತಿರುತ್ತದೆ. ಶೆಡ್ಡಿನಲ್ಲಿರುವುದು ಒಂದು ಹಳೆ ಲೇತ್ ಮಷೀನು, ಲೋಹದ ಕಂಬಿಯನ್ನು ತಿರುಗಿಸುತ್ತಾ ಕಡೆಯುವ ಯಂತ್ರ. ಹರಿಹರದಲ್ಲೇ ಹುಟ್ಟಿದ್ದು, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದ್ದು, ನಾಲ್ಕೂವರೆ ಅಡಿ ಬೆಡ್ಡು, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ತಳ. ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದನ್ನ ಒಳಗೆ ಹೆಂಗೆ ತಂದ್ರಿ?

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸನ್ನೆಗೋಲಿನ ಪಾಠ ಮಾಡುತ್ತಿದ್ದೇನೆ. ಭಾರ, ಪ್ರಯತ್ನ, ಆನಿಕೆ. ಬೋರ್ಡಿನ ಮೇಲೆ ಒಂದು ಗೆರೆ, ಅದರ ಕೆಳಗೊಂದು ತ್ರಿಕೋನ. ಆದರೆ ನಿಜವಾಗಿ ಒಂದು ಟನ್ನಿನ ವಸ್ತುವಿನ ಕೆಳಗೆ ಹಾರೆ ತೂರಿಸಿ, ಅದು ಮೆಲ್ಲಗೆ ಏಳುವುದನ್ನು ಅಂಗೈಯಲ್ಲಿ ಕಂಡಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನನಗೆ ಸನ್ನೆಗೋಲು ಗೊತ್ತಿತ್ತು ಅಂತ ಹೇಳಿಕೊಳ್ಳಲು ಈಗ ಸ್ವಲ್ಪ ನಾಚಿಕೆಯೇ ಆಗುತ್ತದೆ.

ಮಷೀನು ಇದ್ದದ್ದು ಹರಿಹರದ ಒಂದು ಸಣ್ಣ ಶೆಡ್ಡಿನಲ್ಲಿ. ಅದರ ಯಜಮಾನರು ಕಿರ್ಲೋಸ್ಕರ್ ಕಾರ್ಖಾನೆಯ ಅಸೆಂಬ್ಲಿಯಲ್ಲಿ ಕೆಲಸ ಮಾಡಿದವರು. ಹೊಸಬರಿಗೆ ಇದು ಗೊತ್ತಿರಲಿಕ್ಕಿಲ್ಲ: ಬೆಂಗಳೂರಿನಲ್ಲಿ ಮಷೀನು ತಯಾರಿಸುವ ಎಚ್‌.ಎಂ.ಟಿ ಶುರುವಾಗಿದ್ದು 1953ರಲ್ಲಿ, ಅದಕ್ಕೂ ಹನ್ನೆರಡು ವರ್ಷ ಮೊದಲೇ, 1941ರಲ್ಲಿ, ತುಂಗಭದ್ರೆಯ ದಡದ ಈ ಊರಿನಲ್ಲಿ ಲೇತ್ ಕಾರ್ಖಾನೆ ಶುರುವಾಗಿತ್ತು. ಕಾರ್ಖಾನೆ ಇದ್ದ ಜಾಗಕ್ಕೆ ಯಂತ್ರಾಪುರ ಅಂತಲೇ ಹೆಸರು. ಈ ಶತಮಾನದ ಶುರುವಿನಲ್ಲಿ ಕಾರ್ಖಾನೆ ನಿಂತುಹೋಯಿತು. ಯಜಮಾನರು ಆಮೇಲೆ ತಮ್ಮದೇ ಶೆಡ್ಡು ಮಾಡಿಕೊಂಡು ಪಂಪಿನ ಶಾಫ್ಟು, ಟ್ರ್ಯಾಕ್ಟರ್ ಬುಷ್ಷು, ಅಕ್ಕಿ ಗಿರಣಿ ಕೆಲಸ ಮಾಡಿಕೊಂಡಿದ್ದರು. ಈಗ ಕಣ್ಣಿಗೆ ಪೊರೆ, ಮಗ ಪುಣೆಯಲ್ಲಿ. ಮಷೀನನ್ನು ಗುಜರಿಯವರು ಕೆ.ಜಿ ಲೆಕ್ಕದಲ್ಲಿ ಕೇಳಿದ್ದರು. ನಾನು ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟೆ. ಅವರು ಒಪ್ಪಿದ್ದು ದುಡ್ಡಿಗಲ್ಲ ಅಂತ ನನ್ನ ಅನಿಸಿಕೆ, ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳುವ ಜನ ಅಲ್ಲ.

ಲೇತಿನ ಒಂದು ತುದಿಯಲ್ಲಿ ಕಂಬಿ ಹಿಡಿದು ತಿರುಗಿಸುವ ತಲೆಭಾಗಕ್ಕೆ ಹೆಡ್‌ಸ್ಟಾಕ್ ಅನ್ನುತ್ತಾರೆ. ಮೊದಲ ದಿನವೇ ನಾನು ಜಾಣತನ ತೋರಿಸಲು ಹೋದೆ. ‘ಯಜಮಾನ್ರೇ, ಪೂರ್ತಿ ಬಿಚ್ಚಿಬಿಡೋಣ. ಹೆಡ್‌ಸ್ಟಾಕ್ ಬೇರೆ, ಬೆಡ್ಡು ಬೇರೆ, ಕಾಲು ಬೇರೆ. ಒಂದೊಂದೇ ಹಗುರಾಗುತ್ತೆ, ನಾಲ್ಕು ಜನ ಹುಡುಗರನ್ನ ಕರೆದ್ರೆ ಎತ್ತಿ ಇಟ್ಟುಬಿಡ್ತಾರೆ’ ಅಂದೆ. ಅವರು ಬೀಡಿ ಆರಿಸಿ ನನ್ನ ಮುಖ ನೋಡಿದರು. ‘ಮೇಷ್ಟ್ರೇ, ಹೆಡ್ಡು ಬಿಚ್ಚೋದಾದ್ರೆ ಈ ಮಷೀನು ನಿಮಗಿಲ್ಲ.’

ಕಾರಣ ಆಮೇಲೆ ತಿಳಿಯಿತು. ಹೆಡ್‌ಸ್ಟಾಕ್ ಬೆಡ್ಡಿನ ಮೇಲೆ ಸುಮ್ನೆ ಬೋಲ್ಟಿನಿಂದ ಕೂತಿರುವುದಿಲ್ಲ. ನೀಲಿ ಹಚ್ಚಿ, ಇಟ್ಟು, ತೆಗೆದು, ನೀಲಿ ಹತ್ತಿದ ಉಬ್ಬುಗಳನ್ನು ಸ್ಕ್ರೇಪರ್‌ನಿಂದ ಕೆರೆದು, ಮತ್ತೆ ಇಟ್ಟು, ಹೀಗೆ ದಿನಗಟ್ಟಲೆ ಮಾಡಿ ಕೂರಿಸಿರುತ್ತಾರೆ. ಅದರೊಳಗೆ ತಿರುಗುವ ದಂಡ, ಅಂದರೆ ಸ್ಪಿಂಡಲ್, ಬೆಡ್ಡಿಗೆ ಸಮನಾಗಿ ನಿಲ್ಲುವುದು ಆ ಕೆರೆತದಿಂದ. ಒಮ್ಮೆ ಎಬ್ಬಿಸಿದರೆ, ಕೆಳಗೆ ಒಂದು ಚೂರು ಕಬ್ಬಿಣದ ಪುಡಿ ಕೂತರೂ ಸಾಕು, ಆಮೇಲೆ ನೀವು ಕಡೆದದ್ದೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆ ಕೆರೆತದ ಕೆಲಸವನ್ನೇ ಮಾಡುತ್ತಿದ್ದ ಮನುಷ್ಯನ ಮುಂದೆ ನಾನು ‘ಬಿಚ್ಚಿಬಿಡೋಣ’ ಅಂದಿದ್ದೆ.

ಏನು ಬಿಚ್ಚಬಹುದು ಅಂತ ಅವರೇ ಹೇಳಿದರು. ಕಂಬಿಯನ್ನು ಕಚ್ಚಿ ಹಿಡಿಯುವ ಚಕ್ಕು, ಕಡೆಯುವ ಟೂಲು ಹಿಡಿಯುವ ಟೂಲ್ ಪೋಸ್ಟು, ಕಂಬಿಯ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್, ಬೆಲ್ಟು, ಮೋಟಾರು, ಚಿಪ್ಸ್ ಬೀಳುವ ತಟ್ಟೆ. ಅಂದರೆ ತನ್ನಷ್ಟಕ್ಕೆ ಜಾರುವಂಥದ್ದು, ಅಲ್ಲಾಡುವಂಥದ್ದು, ಮತ್ತೆ ಜೋಡಿಸಿದಾಗ ಅಳತೆ ಕೆಡದಿರುವಂಥದ್ದು. ಚಕ್ಕು ಬಿಚ್ಚುವ ಮೊದಲು ಬೆಡ್ಡಿನ ಮೇಲೆ ಒಂದು ದಪ್ಪ ಹಲಗೆ ಇಟ್ಟರು. ಎಂಟಿಂಚಿನ ಚಕ್ಕು ಇಪ್ಪತ್ತು ಕೆ.ಜಿ ಹತ್ತಿರ ತೂಗುತ್ತದೆ, ಎಣ್ಣೆ ಮೆತ್ತಿರುತ್ತದೆ, ಕೊನೆಯ ಸುತ್ತು ಬಿಚ್ಚಿದ ತಕ್ಷಣ ಕೈಗೆ ಬರುತ್ತದೆ. ಹಲಗೆ ಇಲ್ಲದಿದ್ದರೆ ಬೆಡ್ಡಿಗೆ ಗಾಯ, ಇಲ್ಲವೇ ಬೆರಳಿಗೆ. ಅವತ್ತೇ ಮೊದಲ ಸಲ ಆ ಪ್ರಶ್ನೆ ಕೇಳಿದ್ದು. ನಾನು ಚಕ್ಕಿಗೆ ಕೈ ಹಾಕಿದ್ದೆ. ಅವರು ಹಿಂದಿನಿಂದ, ‘ಬಿದ್ದರೆ ಎಷ್ಟು ಬೀಳುತ್ತೆ?’ ಅಂದರು.

ನನಗೆ ಅರ್ಥವಾಗಲಿಲ್ಲ. ‘ಬೀಳಲ್ಲ ಬಿಡಿ, ಹಿಡ್ಕೊಂಡಿದೀನಿ’ ಅಂದೆ.

‘ಬೀಳುತ್ತೋ ಇಲ್ವೋ ಅಂತ ಕೇಳಲಿಲ್ಲ. ಬಿದ್ದರೆ ಎಷ್ಟು ಬೀಳುತ್ತೆ ಅಂದೆ.’

ಹಲಗೆಗೂ ಚಕ್ಕಿಗೂ ಮಧ್ಯೆ ಮೂರಿಂಚು ಸಂದಿ ಇತ್ತು. ಅವರು ಇನ್ನೆರಡು ಮರದ ತುಂಡು ತುರುಕಿದರು. ಅರ್ಧ ಇಂಚು ಉಳಿಯಿತು. ‘ಈಗ ಬಿಚ್ಚಿ.’

ಆಮೇಲಿನ ಹದಿನೈದು ದಿನ ಈ ಒಂದು ಮಾತೇ ನಡೆಸಿದ್ದು. ಸುರಕ್ಷತೆ ಅಂದರೆ ನನ್ನ ತಲೆಯಲ್ಲಿ ಹೆಲ್ಮೆಟ್ಟು, ಗ್ಲೌಸು, ಗೋಡೆಯ ಮೇಲಿನ ಹಳದಿ ಬೋರ್ಡು ಇತ್ತು. ಇವರಿಗೆ ಅದೊಂದು ಅಳತೆ, ಇಂಚಿನಲ್ಲಿ ಹೇಳುವಂಥದ್ದು. ಭಾರ ಗಾಳಿಯಲ್ಲಿ ಎಷ್ಟು ಎತ್ತರದಲ್ಲಿದೆ, ಅದರ ಕೆಳಗೆ ಏನಿದೆ, ಅಷ್ಟೇ.

ಹೈಡ್ರಾ ಬಂದ ದಿನದ್ದು ಬೇರೆಯೇ ಗಲಾಟೆ. ಹಳದಿ ಬಣ್ಣದ, ಮುಂದೆ ಉದ್ದ ಮೂತಿಯ ಕ್ರೇನನ್ನು ನಮ್ಮ ಕಡೆ ಎಲ್ಲರೂ ಹೈಡ್ರಾ ಅಂತಲೇ ಕರೆಯುವುದು. ಡ್ರೈವರ್ ಚಿಕ್ಕ ವಯಸ್ಸಿನವನು, ಕೈಚಳಕ ಇತ್ತು, ಸಮಯ ಇರಲಿಲ್ಲ, ಇನ್ನೆಲ್ಲೋ ಟ್ರಾನ್ಸ್‌ಫಾರ್ಮರ್ ಇಳಿಸಲು ಹೋಗಬೇಕಿತ್ತಂತೆ. ನಾನು ಭಾರ ಎತ್ತುವ ಬೆಲ್ಟು ಹಾಕಲು ಮುಂದಾದೆ. ಆ ಹಸಿರು ಬೆಲ್ಟು ನೋಡಿರುತ್ತೀರಿ, ಎರಡು ಟನ್ನಿನದು. ನೇರಳೆ ಒಂದು ಟನ್ನು, ಹಸಿರು ಎರಡು, ಹಳದಿ ಮೂರು. ಬೆಡ್ಡಿನ ಎರಡೂ ತುದಿಗೆ ಸುತ್ತಿ ಕೊಕ್ಕೆಗೆ ಸಿಕ್ಕಿಸಿದೆ. ಚೆನ್ನಾಗಿಯೇ ಕಂಡಿತು.

ಯಜಮಾನರು ಬಗ್ಗಿ ನೋಡಿದರು. ಬೆಲ್ಟು ಮುಂದುಗಡೆ, ಥ್ರೆಡ್ ಕೊಯ್ಯುವಾಗ ಟೂಲನ್ನು ನಡೆಸುವ ಲೀಡ್ ಸ್ಕ್ರೂ ಮೇಲೆ ಹಾದುಹೋಗಿತ್ತು. ಎತ್ತಿದ್ದರೆ ಇಡೀ ಮಷೀನಿನ ಭಾರ ಆ ಒಂದಿಂಚು ದಪ್ಪದ ಕಡ್ಡಿಯ ಮೇಲೆ ಬೀಳುತ್ತಿತ್ತು, ಬಾಗಿಹೋಗುತ್ತಿತ್ತು, ಮತ್ತೆ ಆ ಮಷೀನಿನಲ್ಲಿ ಒಂದು ಥ್ರೆಡ್ ಸರಿಯಾಗಿ ಕೊಯ್ಯಲು ಆಗುತ್ತಿರಲಿಲ್ಲ. ಬೈಯಲಿಲ್ಲ. ಬಿಚ್ಚಿ, ಬೆಡ್ಡಿನ ಒಳಗಿನ ಅಡ್ಡಪಟ್ಟಿಗಳ ಹತ್ತಿರ ತೂರಿಸಿ, ಲೀಡ್ ಸ್ಕ್ರೂ ಮುಟ್ಟದ ಹಾಗೆ ಮರದ ತುಂಡು ಕೊಟ್ಟು, ಚೂಪು ಅಂಚು ಇರುವಲ್ಲಿ ಹಳೆ ಟೈರಿನ ಚೂರು ಇಟ್ಟರು.

ಇನ್ನೊಂದು ತಪ್ಪು ನನ್ನ ಪಾಠದಲ್ಲೇ ಇದ್ದದ್ದು. ಬೆಲ್ಟು ಗಿಡ್ಡವಾಗಿತ್ತು, ಎರಡೂ ಎಳೆ ತೀರಾ ಅಗಲಕ್ಕೆ ಚಾಚಿಕೊಂಡಿದ್ದವು. ಎರಡು ಎಳೆ ಇದೆ, ಅರ್ಧರ್ಧ ಭಾರ ಹಂಚಿಕೊಳ್ಳುತ್ತವೆ ಅಂತ ನಮಗನಿಸುತ್ತದೆ. ಹಾಗಾಗುವುದು ಎರಡೂ ನೆಟ್ಟಗೆ ಮೇಲಕ್ಕೆ ಹೋದಾಗ ಮಾತ್ರ. ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಎಳೆಯ ಮೇಲೂ ಭಾರದ ನೂರಕ್ಕೆ 58ರಷ್ಟು, 45 ಡಿಗ್ರಿಯಲ್ಲಿ 71ರಷ್ಟು, 30 ಡಿಗ್ರಿಗೆ ಇಳಿದರೆ ಪೂರ್ತಿ ಭಾರವೇ ಒಂದೊಂದರ ಮೇಲೂ. ಈ ಲೆಕ್ಕ ನಾನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಮಾಡುತ್ತೇನೆ. ಶೆಡ್ಡಿನಲ್ಲಿ ಕಣ್ಣು ಬಿಟ್ಟುಕೊಂಡೂ ಕಾಣಲಿಲ್ಲ. ಯಜಮಾನರಿಗೆ ಡಿಗ್ರಿ ಗೊತ್ತಿರಲಿಲ್ಲ, ‘ಕೊಕ್ಕೆ ಹತ್ರ ಮೂಲೆ ಚೂಪಾಗಿರಬೇಕು ಮೇಷ್ಟ್ರೇ, ಬುಟ್ಟಿ ಹಿಡಿಕೆ ಥರ ಅಗಲ ಆಗಬಾರದು’ ಅಂದು ಉದ್ದ ಬೆಲ್ಟು ತರಿಸಿದರು.

ಆಮೇಲೆ ಒಂದೇ ಇಂಚು ಎತ್ತಿಸಿದರು. ಹೆಡ್‌ಸ್ಟಾಕ್ ಕಡೆ ತಗ್ಗಿತು, ಅದೇ ಭಾರದ ಕಡೆ. ಇಳಿಸಿ, ಟೂಲು ಹೊತ್ತು ಬೆಡ್ಡಿನ ಮೇಲೆ ಜಾರುವ ಸ್ಯಾಡಲ್ಲನ್ನು ಟೇಲ್‌ಸ್ಟಾಕ್ ತುದಿಗೆ ತಳ್ಳಿ ಬಿಗಿ ಮಾಡಿ, ಮತ್ತೆ ಒಂದಿಂಚು. ಇನ್ನೂ ತಗ್ಗಿತು. ಬೆಲ್ಟನ್ನು ಹೆಡ್‌ಸ್ಟಾಕ್ ಕಡೆಗೆ ನಾಲ್ಕು ಬೆರಳು ಸರಿಸಿ, ಮತ್ತೆ. ಮೂರನೇ ಸಲಕ್ಕೆ ತಕ್ಕಡಿಯ ಹಾಗೆ ಸಮ ನಿಂತಿತು. ಡ್ರೈವರ್ ಅಷ್ಟರಲ್ಲಿ ಎರಡು ಸಲ ಗಡಿಯಾರ ನೋಡಿಕೊಂಡಿದ್ದ. ಲೋಡು ಮೇಲೆತ್ತಿ, ತಿರುಗಿಸಿಕೊಂಡು ಹೋಗಿ ಗಾಡಿಗೆ ಇಡುತ್ತೇನೆ ಅಂದ. ಯಜಮಾನರು ಬೇಡ ಅಂದರು. ಮಷೀನನ್ನು ಇದ್ದಲ್ಲೇ ಗಾಡಿಯ ಹಲಗೆಗಿಂತ ಎರಡು ಬೆರಳು ಮೇಲಕ್ಕೆ ಎತ್ತಿಸಿದರು, ಅದರ ಕೆಳಕ್ಕೆ 407 ಗಾಡಿಯನ್ನು ಹಿಂದಕ್ಕೆ ಬಿಡಿಸಿದರು. ‘ಲೋಡು ಗಾಡಿ ಹತ್ರ ಹೋಗಬಾರದು, ಗಾಡಿ ಲೋಡಿನ ಹತ್ರ ಬರಬೇಕು.’ ಸುತ್ತ ನಿಂತಿದ್ದವರನ್ನು ಹತ್ತಡಿ ಆಚೆ ಕಳಿಸಿದರು. ತೂಗಾಡದಂತೆ ತಡೆಯಲು ಮಷೀನಿಗೆ ಒಂದು ಹಗ್ಗ ಕಟ್ಟಿ ದೂರದಿಂದ ಹಿಡಿದರು, ಕೈಯಿಂದ ಯಾರೂ ಮುಟ್ಟಲಿಲ್ಲ.

ಮಾತಾಡುವವರು ಒಬ್ಬರೇ ಇರಬೇಕು ಅನ್ನುವುದನ್ನೂ ಅಲ್ಲೇ ನೋಡಿದೆ. ನಮ್ಮ ಜನಕ್ಕೆ ಯಾರದಾದರೂ ಗಾಡಿ ರಿವರ್ಸ್ ಬರುತ್ತಿದ್ದರೆ ‘ಬರ್ಲಿ ಬರ್ಲಿ, ಕಟ್ ಮಾಡು, ಸ್ಟಾಪ್’ ಅಂತ ನಾಲ್ಕು ಕಡೆಯಿಂದ ಕೂಗದೆ ಇರಲು ಆಗುವುದಿಲ್ಲ, ಅಲ್ವಾ? ಯಜಮಾನರು ಶುರು ಮಾಡುವ ಮೊದಲೇ ಹೇಳಿಬಿಟ್ಟರು: ‘ಎತ್ತು, ಇಳಿಸು ಅನ್ನೋದು ನಾನೊಬ್ಬನೇ. ನಿಲ್ಲಿಸು ಅಂತ ಮಾತ್ರ ಯಾರು ಬೇಕಾದ್ರೂ ಕೂಗಬಹುದು.’

ಮಷೀನಿನ ನಾಲ್ಕು ಕಾಲಿಗೂ ಮೊದಲೇ ಎರಡು ಉದ್ದ ನೀಲಗಿರಿ ತೊಲೆಗಳನ್ನು ಬೋಲ್ಟು ಹಾಕಿ ಬಿಗಿದಿದ್ದೆವು. ಲೇತು ನೋಡಲು ಉದ್ದವಾಗಿ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಆದರೆ ಭಾರವೆಲ್ಲ ಸೊಂಟದ ಮೇಲೆ, ಕಾಲು ಮಾತ್ರ ಕಿರಿದು. ಉದ್ದಕ್ಕೆ ಬೀಳುವುದಿಲ್ಲ, ಅಡ್ಡಕ್ಕೆ ಬೀಳುತ್ತದೆ. ಎರಡೂ ತೊಲೆಗಳ ಅಡಿಗೆ, ಮುಂದಕ್ಕೂ ಹಿಂದಕ್ಕೂ ಒಂದೊಂದು ಅಡಿ ಚಾಚುವ ಹಾಗೆ, ಅಡ್ಡಪಟ್ಟಿ ಬಿಗಿದ ಮೇಲೆ ಅದರ ಕಾಲು ಅಗಲವಾಯಿತು. ಗಾಡಿಯಲ್ಲಿ ಹೆಡ್‌ಸ್ಟಾಕ್ ಕಡೆಯನ್ನು ಡ್ರೈವರ್ ಕ್ಯಾಬಿನ್‌ಗೆ ಒತ್ತಿ ನಿಲ್ಲಿಸಿ, ನಾಲ್ಕು ಮೂಲೆಗೂ ಎಳೆದು ಕಟ್ಟಿದೆವು. ನೈಲಾನ್ ಹಗ್ಗ ದಾರಿಯಲ್ಲಿ ಸಡಿಲಾಗುತ್ತದೆ, ಅದಕ್ಕೆ ರ‍್ಯಾಚೆಟ್ ಬೆಲ್ಟೇ ಬೇಕು. ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ಹೊನ್ನಾಳಿ ರಸ್ತೆಯ ಹಂಪುಗಳನ್ನು ನಾನು ಎಣಿಸಿಲ್ಲ, ಎದೆ ಎಣಿಸಿದೆ.

ದಾರಿಯಲ್ಲಿ ವೇ ಬ್ರಿಡ್ಜ್ ಸಿಕ್ಕಿತು. ಬರುವಾಗ ಖಾಲಿ ಗಾಡಿ ತೂಗಿಸಿಕೊಂಡಿದ್ದೆವು. ಈಗ ಮತ್ತೆ ತೂಗಿದರೆ ವ್ಯತ್ಯಾಸ 1,120 ಕೆ.ಜಿ. ಹರಿಹರದಲ್ಲಿ ಯಜಮಾನರು ಮಷೀನಿನ ಸುತ್ತ ಒಂದು ಸುತ್ತು ಬಂದು ‘ಹನ್ನೊಂದು ಕ್ವಿಂಟಾಲ್’ ಅಂದಿದ್ದರು. ಮಂಡಿಯವರು ಮೆಕ್ಕೆಜೋಳದ ರಾಶಿ ನೋಡಿ ಹೇಳುವ ಹಾಗೆ. ತೂಕ ಅಂದಾಜಿನಲ್ಲಿ ಬಿಡಬೇಡಿ ಅನ್ನುವುದು ನನ್ನ ಮಾತು. ಬೆಲ್ಟು, ಜಾಕು, ಗಾಡಿ ಎಲ್ಲ ಆರಿಸುವುದು ಆ ಒಂದು ಸಂಖ್ಯೆಯ ಮೇಲೆ. ಎಲ್ಲರ ಹತ್ತಿರವೂ ಆ ಯಜಮಾನರ ಕಣ್ಣು ಇರುವುದಿಲ್ಲ.

ಇನ್ನು ನಮ್ಮ ಮನೆ. ಇಲ್ಲೊಂದು ಅಡ್ಡ ಮಾತು. ಇಷ್ಟು ಭಾರದ ವಸ್ತುವನ್ನು ಮೊದಲ ಮಹಡಿಗೆ ಏರಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿಯಷ್ಟು ಹೊರುವ ಲೆಕ್ಕದಲ್ಲಿ ಮಾಡಿರುತ್ತಾರೆ. ಜನ, ಮಂಚ, ಬೀರು, ಎಲ್ಲ ಸೇರಿ. ಲೇತು ಒಂದು ಟನ್ನನ್ನು ನಾಲ್ಕು ಕಾಲಿನ ಮೇಲೆ ಹೊತ್ತು ನಿಲ್ಲುತ್ತದೆ. ನೆಲದಲ್ಲೂ ಟೈಲ್ಸ್ ಮೇಲೆ ಇಡಲು ಬರುವುದಿಲ್ಲ. ನಾನು ಶೆಡ್ಡಿನ ನೆಲ ಒಡೆಸಿ, ಕಬ್ಬಿಣದ ಜಾಲರಿ ಹಾಸಿ, ಆರಿಂಚು ಕಾಂಕ್ರೀಟು ಹಾಕಿಸಿ, 28 ದಿನ ಬಿಟ್ಟಿದ್ದೆ. ಮನೆಯವರು ಆ 28 ದಿನವೂ ನೀರು ಹಾಕಿದರು, ಏನು ಬರುತ್ತಿದೆ ಅಂತ ಪೂರ್ತಿ ಗೊತ್ತಿಲ್ಲದೆ.

ಗೇಟಿನ ಮೇಲೆ ಕರೆಂಟಿನ ಸರ್ವಿಸ್ ವೈರು ಅಡ್ಡ ಹೋಗಿದೆ. ಅದರ ಕೆಳಗೆ ಕ್ರೇನಿನ ಮೂತಿ ಎತ್ತುವಂತಿಲ್ಲ. ಆದ್ದರಿಂದ ಬೀದಿಯಲ್ಲೇ ಇಳಿಸಿ, ಗೇಟಿನಿಂದ ಶೆಡ್ಡಿನವರೆಗೆ ಮೂವತ್ತಡಿ ಪೈಪಿನ ಮೇಲೆ ಉರುಳಿಸುವುದು ಅಂತ ತೀರ್ಮಾನವಾಗಿತ್ತು. ಯಜಮಾನರು ಗಾಡಿಯಲ್ಲೇ ಬಂದಿದ್ದರು. ಅವತ್ತು ನನ್ನ ಭಾವಮೈದುನ, ಪಕ್ಕದ ಮನೆಯ ಹುಡುಗ, ನಾನು, ಅವರು, ಒಟ್ಟು ನಾಲ್ಕು ಜನ. ಇನ್ನೂ ನಾಲ್ವರು ಸಹಾಯಕ್ಕೆ ಬಂದರು. ಯಜಮಾನರು ಅವರನ್ನು ಕಾಂಪೌಂಡಿನ ಆಚೆ ಕೂರಿಸಿ ಕಾಫಿ ಕೊಡಿಸಿದರು.

ದಪ್ಪ ಜಿ.ಐ ಪೈಪಿನ ಐದು ತುಂಡು. ಮೂರು ಯಾವಾಗಲೂ ಮಷೀನಿನ ಕೆಳಗೆ, ಹಿಂದೆ ಬಿಟ್ಟುಹೋದದ್ದನ್ನು ತಂದು ಮುಂದೆ ಇಡುವುದು. ಕೆಳಗೆ ಹಾಸಲು ಹಲಗೆ, ಯಾಕೆಂದರೆ ಅಂಗಳದ ಮಣ್ಣಿನಲ್ಲಿ ಪೈಪು ಹೂತುಹೋಗುತ್ತದೆ. ಹಾರೆಯಿಂದ ಒಂದಿಂಚು ಎತ್ತು, ಒಂದಿಂಚು ಮರ ತುಂಬು, ಮತ್ತೆ ಎತ್ತು, ಮತ್ತೆ ತುಂಬು. ಎತ್ತಿದ ಭಾರವನ್ನು ಹಾರೆಯ ಮೇಲೆ ಬಿಟ್ಟು ಯಾರೂ ಕೆಳಗೆ ಕೈ ಹಾಕುವಂತಿಲ್ಲ. ಪೈಪು ಸೊಟ್ಟಗಾದರೆ ಸುತ್ತಿಗೆಯಿಂದ ತಟ್ಟಿ ನೇರ ಮಾಡಬೇಕು, ಕೈಯಿಂದಾಗಲಿ ಕಾಲಿನಿಂದಾಗಲಿ ಅಲ್ಲ. ಪೈಪಿನ ತೂತಿನೊಳಗೆ ಬೆರಳಿಟ್ಟು ಎಳೆಯುವುದಂತೂ ಸತ್ತರೂ ಬೇಡ.

ತೇರಿಗೆ ಸನ್ನೆ ಹಾಕುವವರನ್ನು ನೋಡಿದ್ದೀರಾ? ಸಾವಿರ ಜನ ಮುಂದೆ ಹಗ್ಗ ಎಳೆಯುತ್ತಾ ಕೂಗುತ್ತಿರುತ್ತಾರೆ, ಎಲ್ಲರ ಕಣ್ಣು ಕಳಸದ ಮೇಲೆ. ಚಕ್ರದ ಪಕ್ಕ ಬಗ್ಗಿಕೊಂಡು, ಉದ್ದ ಹಿಡಿಯ ಮರದ ಬೆಣೆ ಹಿಡಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿಸುವವರು ಮೂರ‍್ನಾಲ್ಕು ಜನ ಮಾತ್ರ. ತೇರು ನಡೆಸುವವರು ಅವರೇ ಅಂತ ನನಗೆ ನಮ್ಮ ಅಂಗಳದಲ್ಲಿ ಹೊಳೆಯಿತು. ಆ ಬೆಣೆಗೆ ಉದ್ದ ಹಿಡಿ ಇರುವುದೂ ಯಾಕೆ ಅಂತ.

ಯಜಮಾನರು ತಮ್ಮ ಹರೆಯದ ಒಂದು ಸುದ್ದಿ ಹೇಳಿದರು. ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಒಯ್ದರಲ್ಲ, ಆಗ ಕಾರ್ಖಾನೆಯಲ್ಲಿ ಊಟದ ಹೊತ್ತಿನಲ್ಲಿ ಅದೇ ಮಾತಂತೆ, ಎಷ್ಟು ಚಕ್ರ, ಎಂಥಾ ಟ್ರಾಲಿ ಅಂತ. ‘ನಮ್ಮ ಮೇಸ್ತ್ರಿ ಒಬ್ರೇ ಬೇರೆ ಹೇಳಿದ್ರು. ಮಲಗಿಸಿಕೊಂಡು ಹೋದ್ರಲ್ಲ, ಅದೇ ದೊಡ್ಡ ಬುದ್ಧಿ ಅಂತ.’

ನಮ್ಮ ಅಂಗಳ ಶೆಡ್ಡಿನ ಕಡೆಗೆ ಇಳಿಜಾರು. ಜಾಸ್ತಿ ಅಲ್ಲ, ಮೂವತ್ತಡಿಗೆ ಅರ್ಧ ಅಡಿ. ಆದರೆ ಪೈಪಿನ ಮೇಲೆ ನಿಂತ ಒಂದು ಟನ್ನಿಗೆ ಅರ್ಧ ಅಡಿ ಅಂದರೆ ಬೆಟ್ಟ. ಅದಕ್ಕೆ ಹಿಂದಿನಿಂದ ಒಂದು ಹಗ್ಗ. ಗೇಟಿನ ಕಂಬಕ್ಕೆ ಕಟ್ಟೋಣ ಅಂದೆ, ಇಟ್ಟಿಗೆ ಕಂಬ ಮಷೀನಿನ ಜೊತೆಗೇ ಬರುತ್ತೆ ಅಂದರು. ತೆಂಗಿನ ಮರಕ್ಕೆ ಹಗ್ಗವನ್ನು ಮೂರು ಸುತ್ತು ಸುತ್ತಿ ತುದಿಯನ್ನು ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟರು. ಬಾವಿಗೆ ರಿಂಗ್ ಇಳಿಸುವವರು ಮಾಡುವ ಹಾಗೆ. ಘರ್ಷಣೆ ಭಾರ ತಡೆಯುತ್ತದೆ, ಹುಡುಗ ಮೆಲ್ಲಗೆ ಬಿಡುತ್ತಾ ಹೋಗುತ್ತಾನೆ. ಆ ಹುಡುಗ ಒಂಬತ್ತನೇ ಕ್ಲಾಸು, ನನ್ನದೇ ವಿದ್ಯಾರ್ಥಿ. ಘರ್ಷಣೆಯ ಪಾಠ ಅವನಿಗೆ ಅವತ್ತು ಅರ್ಥವಾದಷ್ಟು ನಾನು ಒಂದು ವರ್ಷದಲ್ಲಿ ಹೇಳಿಕೊಟ್ಟಿಲ್ಲ.

ತಪ್ಪು ನಡೆದದ್ದು ಶೆಡ್ಡಿನ ಬಾಗಿಲಿನಲ್ಲಿ. ಇನ್ನು ನಾಲ್ಕಡಿ. ನೆಲ ಸಮ ಬಂತು ಅಂದುಕೊಂಡು, ಹಗ್ಗ ಹೊಸ್ತಿಲಿಗೆ ಉಜ್ಜುತ್ತಿದೆ ಅಂತ, ಯಾರನ್ನೂ ಕೇಳದೆ ನಾನೇ ಅದನ್ನು ಬಿಚ್ಚಿದೆ. ಹಳೆ ನೆಲ ಮತ್ತು ಹೊಸ ಕಾಂಕ್ರೀಟು ಕೂಡುವಲ್ಲಿ ಒಂದು ಸಣ್ಣ ಇಳಿಜಾರು ಉಳಿದಿತ್ತು. ಮಷೀನು ತಾನಾಗಿ ಹೊರಟಿತು. ಸದ್ದಿಲ್ಲದೆ ಹೊರಟಿತು, ಅದೇ ಭಯಂಕರ. ಮುಂದಿನ ಪೈಪು ಸೊಟ್ಟಗಾಗಿ ಒಂದು ಮೂಲೆ ಅದರಿಂದ ಜಾರಿತು. ನನ್ನ ಎಡಗೈ ಹಿಡಿಯಲು ತಾನಾಗಿ ಮುಂದೆ ಹೋಯಿತು, ಒಂದು ಟನ್ನನ್ನು, ಎಡಗೈಯಲ್ಲಿ! ಯಜಮಾನರು ಕೂಗಿದ್ದು ‘ಬಿಡಿ’ ಅಂತ. ಬಿಟ್ಟೆ. ಅಷ್ಟರಲ್ಲಿ ತೊಲೆ ಹೆಬ್ಬೆರಳಿನ ಉಗುರನ್ನು ಬಾಗಿಲ ಚೌಕಟ್ಟಿಗೆ ಒತ್ತಿತ್ತು.

ಮಷೀನು ಬಿತ್ತು. ಎಷ್ಟು? ಒಂದಿಂಚು. ಪೈಪಿನ ಅಕ್ಕಪಕ್ಕ ಅವರು ಉದ್ದಕ್ಕೂ ಮರದ ಹಲಗೆ ಪೇರಿಸಿಕೊಂಡೇ ಬಂದಿದ್ದರು, ನನಗೆ ಅದು ಹೊತ್ತು ಕಳೆಯುವ ಕೆಲಸ ಅನ್ನಿಸಿತ್ತು. ಮೂಲೆ ಆ ಹಲಗೆಯ ಮೇಲೆ ದಪ್ಪಂತ ಕೂತು ಸುಮ್ಮನಾಯಿತು. ಹಲಗೆ ಇಲ್ಲದಿದ್ದರೆ ಆ ಮೂಲೆ ಇನ್ನೂ ಎರಡು ಮೂರು ಇಂಚು ಕೆಳಗೆ ಹೋಗುತ್ತಿತ್ತು, ಆ ವಾಲಿಗೆ ಮಷೀನು ಮಗುಚುತ್ತಿತ್ತೋ ಏನೋ, ಮಗುಚಿದ್ದರೆ ನನ್ನ ಭಾವಮೈದುನ ನಿಂತಿದ್ದ ಕಡೆಗೇ. ಬೀಳುವುದನ್ನು ಹಿಡಿಯಬೇಡಿ, ಓಡಿ. ಅದಕ್ಕೆ ಓಡುವ ದಾರಿ ಮೊದಲೇ ನೋಡಿಟ್ಟುಕೊಳ್ಳಿ, ಮಷೀನು ಮತ್ತು ಗೋಡೆಯ ಮಧ್ಯೆ ನಿಲ್ಲಬೇಡಿ. ನನ್ನ ಉಗುರು ಕಪ್ಪಾಗಿ, ಎರಡು ತಿಂಗಳಿಗೆ ಉದುರಿ, ಮತ್ತೆ ಬಂತು. ಯಜಮಾನರು ಅವತ್ತು ಏನೂ ಅನ್ನಲಿಲ್ಲ. ಹಗ್ಗ ಮತ್ತೆ ಕಟ್ಟಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜೋಡಿಸುವ ಕೆಲಸ ಅದಕ್ಕಿಂತ ನಿಧಾನ, ಆದರೆ ಅದರಲ್ಲೊಂದು ಸುಖ ಇತ್ತು. ರಾತ್ರಿ ಊಟ ಮುಗಿಸಿ ಒಂದು ಗಂಟೆ ಕೂರುತ್ತಿದ್ದೆ. ಸೀಮೆಎಣ್ಣೆ, ಹಳೆ ಬನಿಯನ್ನು, ಪೇಂಟಿಂಗ್ ಬ್ರಶ್ಶು. ಮೂರು ಪದರ ಬಣ್ಣ: ಮೇಲೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ತಳದಲ್ಲಿ ಬೂದು. ಸ್ಯಾಡಲ್ಲಿನ ಕೈಚಕ್ರದ ಹಿಡಿ ಒಂದು ಕಡೆ ಸವೆದಿತ್ತು. ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ, ಅವರ ಕೈ ನನ್ನದಕ್ಕಿಂತ ದೊಡ್ಡದು. ಬೆಡ್ಡಿನ ಮೇಲೆ ಸ್ಯಾಡಲ್ ಜಾರುವ ಜಾಗಕ್ಕೆ ಎಮರಿ ಪೇಪರ್ ಮುಟ್ಟಿಸಬೇಡಿ ಅಂತ ತಾಕೀತು ಇತ್ತು. ಅದರ ಪುಡಿ ಸಂದಿಯಲ್ಲಿ ಕೂತು ವರ್ಷಗಟ್ಟಲೆ ಕೊರೆಯುತ್ತದೆ.

ಕರೆಂಟಿನದ್ದು ಚುಟುಕಾಗಿ ಹೇಳಿಬಿಡುತ್ತೇನೆ. ಮೋಟಾರು ಮೂರು ಫೇಸಿನದು, 2 ಎಚ್‌.ಪಿ, 415 ವೋಲ್ಟು. ಮನೆಗೆ ಇರುವುದು ಸಿಂಗಲ್ ಫೇಸು. ಮಧ್ಯೆ ಒಂದು ವಿ.ಎಫ್‌.ಡಿ ಡ್ರೈವು, ಅಂದರೆ ಕರೆಂಟಿನ ರೂಪ ಬದಲಿಸುವ ಡಬ್ಬಿ, ಹಾಕಿದರೆ ಅದು 230 ವೋಲ್ಟಿನ ಮೂರು ಫೇಸು ಮಾಡಿ ಕೊಡುತ್ತದೆ, ಅದಕ್ಕೆ ತಕ್ಕಂತೆ ಮೋಟಾರಿನ ಡಬ್ಬಿಯಲ್ಲಿ ವೈರುಗಳ ಜೋಡಣೆ ಸ್ಟಾರ್ ಇದ್ದದ್ದನ್ನು ಡೆಲ್ಟಾಕ್ಕೆ ಬದಲಿಸಬೇಕು. ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು. ಮರೆಯಬಾರದ್ದು: ಸ್ವಿಚ್ ಆಫ್ ಮಾಡಿದ ಮೇಲೂ ಡ್ರೈವಿನೊಳಗಿನ ಕೆಪಾಸಿಟರು ಹಲವು ನಿಮಿಷ ಕರೆಂಟು ಹಿಡಿದಿರುತ್ತದೆ. ಡ್ರೈವಿಗೂ ಮೋಟಾರಿಗೂ ಮಧ್ಯೆ ಹಳೆ ಸ್ಟಾರ್ಟರ್ ಇಟ್ಟುಕೊಂಡು ಓಡುತ್ತಿರುವಾಗ ಆನ್ ಆಫ್ ಮಾಡಬಾರದು. ಅರ್ಥಿಂಗ್ ಸರಿ ಇರಬೇಕು. ಮೊದಲ ಸಲ ಬೆಲ್ಟು ಹಾಕದೆ ಮೋಟಾರೊಂದನ್ನೇ ತಿರುಗಿಸಿ ದಿಕ್ಕು ನೋಡಬೇಕು. ಥ್ರೆಡ್ಡಿನಲ್ಲಿ ಕೂರುವ ಚಕ್ಕಾದರೆ ಉಲ್ಟಾ ತಿರುಗಿದಾಗ ಬಿಚ್ಚಿಕೊಂಡು ಕೈಗೇ ಬರುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಲೆವೆಲ್ಲು. ಗೆಳೆಯರೊಬ್ಬರು ಕಾಲೇಜಿನ ಲ್ಯಾಬಿನಿಂದ ಮಷೀನ್ ಲೆವೆಲ್ ತಂದುಕೊಟ್ಟರು, ಒಂದು ಗೆರೆ ಅಂದರೆ ಮೀಟರಿಗೆ 0.02 ಮಿ.ಮೀ. ಗಾರೆಯವರ ಲೆವೆಲ್ಲಿನ ಹಾಗಲ್ಲ ಇದು. ಹತ್ತಿರ ಉಸಿರು ಬಿಟ್ಟರೆ, ಗಾಜಿನ ಬಳಿ ಕೈಯಿಟ್ಟರೆ, ಶಾಖಕ್ಕೆ ಗುಳ್ಳೆ ನಡೆಯುತ್ತದೆ. ಇಟ್ಟು, ಎರಡು ನಿಮಿಷ ದೂರ ನಿಂತು, ಬಂದು ನೋಡಬೇಕು. ಎರಕದ ಬೆಡ್ಡು ನೋಡಲು ಎಮ್ಮೆ ಬೆನ್ನಿನ ಹಾಗೆ ಗಟ್ಟಿ, ಆದರೆ ನಾಲ್ಕು ಕಾಲಿನಲ್ಲಿ ಒಂದು ಕೂದಲೆಳೆಯಷ್ಟು ಎತ್ತರ ಕಡಿಮೆಯಾದರೂ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಡೆದ ಕಂಬಿಗೆ ಕಾಣುತ್ತದೆ.

ಕಾಲಿನ ಕೆಳಗೆ ಕೊಡಲು ಯಜಮಾನರು ಫೋನಿನಲ್ಲಿ ಹೇಳಿದ್ದು ಶೇವಿಂಗ್ ಬ್ಲೇಡು. ಹಳೆ ಕಾಲದ ಎರಡು ಬಾಯಿಯ ಬ್ಲೇಡು ಸರಿಯಾಗಿ 0.1 ಮಿ.ಮೀ ದಪ್ಪ ಇರುತ್ತದೆ. ಲೆವೆಲ್ ಸರಿ ಬಂದ ಮೇಲೂ ನಂಬುವಂತಿಲ್ಲ, ಕಡೆದು ನೋಡಬೇಕು. ದಪ್ಪ ಕಂಬಿಯೊಂದನ್ನು ಚಕ್ಕಿಗೆ ಹಾಕಿ, ಎಂಟಿಂಚು ಹೊರಗೆ ಬಿಟ್ಟು, ಟೇಲ್‌ಸ್ಟಾಕ್ ಕೊಡದೆ, ಎರಡು ತುದಿಯಲ್ಲೂ ಒಂದೇ ಸೆಟ್ಟಿಂಗಿನಲ್ಲಿ ತೆಳ್ಳಗೆ ಒಮ್ಮೆ ಕಡೆಯುವುದು. ಆಮೇಲೆ ಎರಡನ್ನೂ ಮೈಕ್ರೋಮೀಟರಿನಿಂದ ಅಳೆಯುವುದು. ನನಗೆ ಹೊರ ತುದಿ 0.04 ಮಿ.ಮೀ ದಪ್ಪ ಬಂತು. ಅಂದರೆ ಅಲ್ಲಿ ಟೂಲು ಕಂಬಿಯಿಂದ ದೂರ ಸರಿಯುತ್ತಿದೆ. ಟೇಲ್‌ಸ್ಟಾಕ್ ಕಡೆಯ, ನಾವು ನಿಲ್ಲುವ ಬದಿಯ ಕಾಲನ್ನು ಎತ್ತಬೇಕು. ಒಂದು ಬ್ಲೇಡು ಕೊಟ್ಟೆ, ಈಗ ಹೊರ ತುದಿ ಸಣ್ಣ ಬಂತು. ತೆಗೆದೆ, ಮತ್ತೆ ದಪ್ಪ. ಅರ್ಧ ಬ್ಲೇಡಿನ ದಪ್ಪ ಎಲ್ಲಿಂದ ತರಲಿ? ಮೂರು ದಿನ ತಲೆ ಕೆರೆದುಕೊಂಡು, ಕೊನೆಗೆ ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಫಾಯಿಲ್ಲನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟೆ. 0.01ಕ್ಕೆ ಬಂತು. ರಾತ್ರಿ ಹನ್ನೊಂದೂವರೆ. ಮನೆಯವರನ್ನು ಎಬ್ಬಿಸಿ ತೋರಿಸಿದೆ. ‘ಫಾಯಿಲ್ ಎಷ್ಟು ಉಳಿದಿದೆ?’ ಅಂತ ಕೇಳಿ ಮಲಗಿದರು.

ಮೂರು ವಾರ ಬಿಟ್ಟು ನೋಡಿದರೆ ಗುಳ್ಳೆ ಮತ್ತೆ ಒಂದು ಗೆರೆ ಸರಿದಿತ್ತು. ಹೊಸ ಕಾಂಕ್ರೀಟು, ಹೊಸ ಜಾಗ, ಕೂರಲು ಸಮಯ ಬೇಕು. ಇನ್ನೊಮ್ಮೆ ಮಾಡಿದೆ. ಆಮೇಲೆ ಸರಿಯಲಿಲ್ಲ.

ಈ ವರ್ಷ ಉಗಾದಿ ಆದ ಮೇಲೆ ಯಜಮಾನರು ಬಸ್ಸಿನಲ್ಲಿ ಬಂದರು. ಕಣ್ಣಿನ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ. ಮಷೀನು ಹೊಳೆಯುತ್ತಿತ್ತು, ನಾನು ಬೇಕಂತಲೇ ಹಿಂದಿನ ದಿನ ಒರೆಸಿ ಇಟ್ಟಿದ್ದೆ. ಅವರು ಹತ್ತಿರ ಹೋಗಿ ಕೈಚಕ್ರ ಹಿಡಿದು ಸ್ಯಾಡಲ್ಲನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ತಂದರು. ಒಂದು ಹಿತ್ತಾಳೆ ಬುಷ್ಷು ಕಡೆದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ನನಗೆ ಡಿಗ್ರಿ ಬಂದಷ್ಟು ಖುಷಿಯಾಯಿತು.

ಹೊರಡುವಾಗ ಬಾಗಿಲ ಹತ್ತಿರ ನಿಂತು ಗೋಡೆ ಕಡೆ ನೋಡಿದರು. ಅಲ್ಲಿ ನಾನು ಚೆನ್ನಾಗಿ ಕಾಣಲಿ ಅಂತ ಒಂದು ಶೆಲ್ಫು ಹೊಡೆಸಿ, ಬಳಸದ ಹತ್ತಿಂಚಿನ ಫೋರ್ ಜಾ ಚಕ್ಕನ್ನು ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ನನ್ನ ತಲೆಗಿಂತ ಒಂದು ಗೇಣು ಮೇಲೆ. ಅದರ ಕೆಳಗೆ ನಾನು ಡ್ರಾಯಿಂಗ್ ನೋಡಲು ಕೂರುವ ಸ್ಟೂಲು.

‘ಮೇಷ್ಟ್ರೇ’ ಅಂದರು.

ಅವರು ಮುಂದಿನದ್ದು ಹೇಳಲಿಲ್ಲ, ನಾನೂ ಹೇಳಿಸಲಿಲ್ಲ. ಇಬ್ಬರೂ ಸೇರಿ ಚಕ್ಕು ಇಳಿಸಿ, ನೆಲದ ಮೇಲೆ ಒಂದು ಮರದ ಪೆಟ್ಟಿಗೆಯಲ್ಲಿಟ್ಟೆವು. ಅವರಿಗೆ ಐದು ಗಂಟೆಯ ಬಸ್ಸು ಸಿಕ್ಕಿತು. ಮೇಲಿನ ಹಲಗೆಯಲ್ಲಿ ಈಗ ಖಾಲಿ ಪೇಂಟ್ ಡಬ್ಬಿಗಳಿವೆ.